ತೀರಿಹೋದ ಉದ್ಘೋಷಕರ ದನಿ ಇರುವ ಕ್ಯಾಸೆಟ್: ಮೊದಲು ಕತ್ತರಿ ಕೆಳಗಿಡಿ

ನಿಮ್ಮ ಕಡೆಯ ಆಕಾಶವಾಣಿ ಉದ್ಘೋಷಕರು ತೀರಿಕೊಂಡಿದ್ದಾರೆ, ಮನೆಯಲ್ಲಿ ಅವರ ದನಿ ಇರುವ ನಾಲ್ಕು ಕ್ಯಾಸೆಟ್ ಸಿಕ್ಕಿವೆ, ಹಾಡು ಮತ್ತು ಗೊರಗೊರ ತೆಗೆದು ಮಾತಷ್ಟೇ ಉಳಿಸುವ ಸಾಫ್ಟ್‌ವೇರ್ ಯಾವುದು ಅಂತ ಕೇಳಿದ್ದೀರಿ. ಯಾವುದೂ ಬೇಡ. ನಾನು ಇದನ್ನೇ ಮಾಡಿ ಒಬ್ಬರ ದನಿ ಕೆಡಿಸಿದ್ದೇನೆ.

ಅದೂ ನುಡಿನಮನಕ್ಕೇ. 90 ನಿಮಿಷದ ಕ್ಯಾಸೆಟ್ಟಿನಿಂದ ಚಿತ್ರಗೀತೆ, ಪೇಟೆ ಧಾರಣೆ, ವಾರ್ತೆಗೆ ಮುಂಚಿನ ಪೀಪ್ ಪೀಪ್ ಎಲ್ಲ ಕತ್ತರಿಸಿ, ಅವರ ಮಾತು ಹನ್ನೊಂದು ನಿಮಿಷ ಜೋಡಿಸಿ ಎಂಪಿ3 ಮಾಡಿಕೊಟ್ಟೆ. ಮೂಲ ಫೈಲ್ ಅಳಿಸಿದೆ. ಕ್ಯಾಸೆಟ್ ಗುಜರಿಗೆ ಹೋಯಿತು. ಸಭೆಯಲ್ಲಿ ಕೇಳಿಸಿದಾಗ ಅವರ ಮನೆಯವರು ಅಂದಿದ್ದು ಒಂದೇ ಮಾತು: ‘ಇವರ ದನಿ ಇಷ್ಟು ತೆಳು ಇರಲಿಲ್ಲ.’

ಯಾಕೆ ತೆಳುವಾಯಿತು? ಕ್ಯಾಸೆಟ್ ಓಡಬೇಕಾದ್ದು ಸೆಕೆಂಡಿಗೆ 4.76 ಸೆಂ.ಮೀ. ಸೆಲ್ ಇಳಿದಿರುವ ಟೇಪ್‌ರೆಕಾರ್ಡರ್ ಮೋಟರು ನಿಧಾನ ತಿರುಗಿ 4.5ರಲ್ಲಿ ಧ್ವನಿಮುದ್ರಿಸಿದ್ದರೆ, ಇವತ್ತು ಸರಿಯಾದ ಯಂತ್ರದಲ್ಲಿ ಹಾಕಿದಾಗ ಎಲ್ಲವೂ ಸುಮಾರು 6 ಪ್ರತಿಶತ ಬೇಗ ಓಡುತ್ತದೆ, ಶ್ರುತಿ ಅರ್ಧ ಮನೆ (ಹಾರ್ಮೋನಿಯಂನಲ್ಲಿ ಪಕ್ಕದ ಕೀಲಿಯಷ್ಟು) ಮೇಲೇರುತ್ತದೆ. ಎಷ್ಟು ಏರಿದೆ ಅಂತ ಹೇಳಬಲ್ಲದ್ದು ಆ ಪೀಪ್. ಅದು ಸೆಕೆಂಡಿಗೊಂದು. ನಾಲ್ಕು ಅಂತರಕ್ಕೆ 4 ಸೆಕೆಂಡ್ ಬರಬೇಕಾದಲ್ಲಿ 3.78 ಬಂದರೆ ವೇಗವನ್ನು 0.945ಕ್ಕೆ ಇಳಿಸಿದರೆ ಮುಗಿಯಿತು. (ದನಿ ತಿದ್ದುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ‘ಚೇಂಜ್ ಸ್ಪೀಡ್ ಅಂಡ್ ಪಿಚ್’. ‘ಚೇಂಜ್ ಟೆಂಪೊ’ ಮುಟ್ಟಬೇಡಿ, ಅದು ಶ್ರುತಿಯನ್ನು ಹಾಗೇ ಬಿಡುತ್ತದೆ.) ಪೀಪ್ ಇಲ್ಲದಿದ್ದರೆ ಚಿತ್ರಗೀತೆಯನ್ನು ಅದರ ಮೂಲ ಮುದ್ರಿಕೆಯ ಶ್ರುತಿಗೆ ಹೋಲಿಸಬಹುದು. ನಾನು ಎರಡನ್ನೂ ಕಸ ಅಂತ ಎಸೆದಿದ್ದೆ. ಉಳಿದ ಮಾತಿಗೆ ಅಳತೆಗೋಲೇ ಇರಲಿಲ್ಲ.

ಇಸವಿಯೂ ಹೋಯಿತು. ಪೇಟೆ ಧಾರಣೆಯ ಬೆಲೆ, ಹಾಕಿದ ಹೊಸ ಹಾಡು, ನಿಲಯದ ಹೆಸರಿನ ಜೊತೆ ಹೇಳುವ ಕಿಲೋಹರ್ಟ್ಸ್, ಇವೇ ಕಾಲದ ಗುರುತು. ಧಾರವಾಡದ 765, ಬೆಂಗಳೂರಿನ 612 ಎರಡೂ 9ರಿಂದ ಭಾಗವಾಗುತ್ತವೆ ನೋಡಿ. ಮಧ್ಯಮ ತರಂಗಗಳನ್ನು ಹಾಗೆ ಜೋಡಿಸಿದ್ದು 1978ರ ನವೆಂಬರ್ 23ರಿಂದ. ಭಾಗವಾಗದ ಸಂಖ್ಯೆ ಕೇಳಿಸಿದರೆ ಅದಕ್ಕಿಂತ ಹಳೆಯದು.

ಗೊರಗೊರ ತೆಗೆಯುವ ವಿಷಯ. ಮಧ್ಯಮ ತರಂಗದಲ್ಲಿ ದನಿ ನಮಗೆ ತಲುಪುವುದೇ ಸುಮಾರು 5 ಕಿಲೋಹರ್ಟ್ಸ್‌ವರೆಗೆ, ‘ಸ’ ‘ಶ’ ಮೊದಲೇ ಅರ್ಧ ಸವೆದಿರುತ್ತವೆ. ಸಾಫ್ಟ್‌ವೇರ್ ಅವನ್ನೂ ಗೊರಗೊರ ಅಂತಲೇ ತಿಳಿದು ನುಂಗುತ್ತದೆ. ವಾಕ್ಯಕ್ಕೆ ಮುಂಚೆ ಅವರು ಎಳೆದುಕೊಳ್ಳುವ ಉಸಿರು ಮೊದಲು ಹೋಗುತ್ತದೆ. ಆಮೇಲೆ ಕೇಳಿದರೆ ಯಾರೋ ಬಿಂದಿಗೆಯೊಳಗಿಂದ ಓದಿದ ಹಾಗಿರುತ್ತದೆ.

ಈಗ ಕೆಲಸ. ಕ್ಯಾಸೆಟ್ ಬೆನ್ನಿನ ಎರಡು ಪ್ಲಾಸ್ಟಿಕ್ ಹಲ್ಲು ಮುರಿಯಿರಿ, ತಪ್ಪಿ ರೆಕಾರ್ಡ್ ಒತ್ತಿದರೂ ಅಳಿಸುವುದಿಲ್ಲ. ಕಿಟಕಿಯಲ್ಲಿ ಸುರುಳಿಯ ಮೇಲೆ ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ, ಬಲ್ಲವರ ಕೈಗೆ ಕೊಡಿ. ಪ್ಲೇಯರಿನ ತಲೆಯ (ಟೇಪಿನಿಂದ ದನಿ ಓದುವ ಭಾಗ, ಹೆಡ್) ಎದುರು ಬರುವ ಪುಟ್ಟ ಫೆಲ್ಟ್ ಮೆತ್ತೆ ಉದುರಿದ್ದರೆ ದನಿ ಮಂಕು. ಸುರುಳಿಗಳನ್ನು ಬೇರೆ ಕ್ಯಾಸೆಟ್ಟಿನ ಡಬ್ಬಿಗೆ ಬದಲಿಸಿ. ಪ್ಲೇಯರಿನ ತಲೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ ಒಣಗಲು ಬಿಡಿ. ಒಮ್ಮೆ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿಸಿ.

ಆಮೇಲೆ ತಲೆಯ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂ. ಕ್ಯಾಸೆಟ್ ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ತಿರುಗಿಸಿ, ‘ಸ’ಕಾರ ಅತ್ಯಂತ ಚೂಪಾಗಿ ಕೇಳುವ ಕಡೆ ನಿಲ್ಲಿಸಿ. ಪ್ರತಿ ಕ್ಯಾಸೆಟ್ಟಿಗೂ ಬೇರೆ ಬೇರೆ, ಯಾಕೆಂದರೆ ರೆಕಾರ್ಡ್ ಮಾಡಿದ ಯಂತ್ರದ ತಲೆ ಎಷ್ಟು ವಾಲಿತ್ತೋ ಇದೂ ಅಷ್ಟೇ ವಾಲಬೇಕು. ಯಾವ ಸಾಫ್ಟ್‌ವೇರೂ ಇದನ್ನು ಆಮೇಲೆ ಪೂರ್ತಿ ಸರಿಮಾಡದು.

ಲ್ಯಾಪ್‌ಟಾಪಿನ ಮೈಕ್ ತೂತಿಗೆ ಕೊಡಬೇಡಿ, ದನಿ ಒಡೆಯುತ್ತದೆ. ಲೈನ್‌-ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ (ಪ್ಲೇಯರಿನ ದನಿಯನ್ನು ಕಂಪ್ಯೂಟರಿಗೆ ಸೇರಿಸುವ ಪುಟ್ಟ ಪೆಟ್ಟಿಗೆ) ಬೇಕು. 48 ಕಿಲೋಹರ್ಟ್ಸ್, 24 ಬಿಟ್, ವೇವ್ (WAV) ಫೈಲ್, ಎರಡೂ ಚಾನೆಲ್; ಗಂಟೆಗೆ ಸುಮಾರು 1 ಜಿಬಿ. ಅತಿ ಜೋರಿನ ಮಾತೂ ಮೈನಸ್ 6 ಡೆಸಿಬಲ್ ದಾಟದಿರಲಿ. ಆ ಫೈಲನ್ನು ಎರಡು ಕಡೆ ಇಡಿ, ಕತ್ತರಿ ಆಡಿಸುವುದು ನಕಲಿನ ಮೇಲೆ ಮಾತ್ರ.

ನಿಲಯದಲ್ಲಿ ಸಿಗುತ್ತೆ ಅಂತ ಕಾಯಬೇಡಿ. ನಾಟಕ, ಕಛೇರಿ ಸಿಗಬಹುದು. ಹಾಡು ಹಾಡಿನ ನಡುವೆ ಅವರು ಆಡಿದ್ದು ನೇರ ಪ್ರಸಾರ, ಆಡಿದ ಕ್ಷಣಕ್ಕೆ ಮುಗಿಯಿತು. ಬಹುಶಃ ನಿಮ್ಮ ಕ್ಯಾಸೆಟ್ಟೇ ಇರುವ ಒಂದೇ ಪ್ರತಿ.

ಸಭೆಗೆ ಮೂರು ನಿಮಿಷ ಸಾಕು. ಪೀಪಿನಿಂದ ಶುರುಮಾಡಿ, ಅವರು ನಿಲಯದ ಹೆಸರು ಹೇಳಲಿ, ಹಾಡಿನ ಮೊದಲ ಸಾಲು ಬರಲಿ. ಹಿನ್ನೆಲೆಗೆ ಕೊಳಲು ಮಾತ್ರ ಹಾಕಬೇಡಿ.