ಎಂಟು ವರ್ಷದ ಮಗನ ಜೊತೆ ಮನೆಯಲ್ಲೇ ಮಾಡೆಲ್ ರೈಲಿನ ಬೋಗಿ ಮಾಡಬೇಕು. ಎಚ್‌ಓ ಸ್ಕೇಲ್ ಒಳ್ಳೆಯದಾ, ಎನ್ ಸ್ಕೇಲಾ? ತ್ರೀಡಿ ಪ್ರಿಂಟರ್ ತಗೊಳ್ಳಲೇಬೇಕಾ? ಮೊದಲು ಒಂದು ಸ್ಲೀಪರ್ ಬೋಗಿ ಮಾಡೋಣ ಅಂತಿದ್ದೇನೆ.

ಪ್ರಿಂಟರ್ ಬೇಡ. ಎಚ್‌ಓ ತಗೊಳ್ಳಿ, ಎರಡು ಅಳತೆಗಳಲ್ಲಿ ಅದೇ ದೊಡ್ಡದು. ಆದರೆ ನನಗೆ ಚುಚ್ಚಿದ್ದು ಇವೆರಡೂ ಅಲ್ಲ. ಕೊನೆಯಲ್ಲಿ ‘ಮೊದಲು ಒಂದು ಸ್ಲೀಪರ್ ಬೋಗಿ ಮಾಡೋಣ ಅಂತಿದ್ದೇನೆ’ ಎಂದು ಬರೆದಿದ್ದೀರಲ್ಲ, ಅದು. ನಾನೂ ಅಲ್ಲಿಂದಲೇ ಶುರು ಮಾಡಿದ್ದೆ.

2018ರ ಮಳೆಗಾಲ. ನಾವು ಕುಮಟಾ ಕಡೆಯವರು, ಇರುವುದು ಡೊಂಬಿವಲಿಯಲ್ಲಿ, ಒಂದೇ ಬೆಡ್‌ರೂಮಿನ ಮನೆ. ಊರಿಗೆ ಹೋಗುವುದೆಂದರೆ ನಮಗೆ ಠಾಣೆಯಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹತ್ತುವುದು. ಆಗಿನ್ನೂ ಅದಕ್ಕೆ ಚೆನ್ನೈನ ಐಸಿಎಫ್ ಕಾರ್ಖಾನೆಯ ಹಳೆಯ ನೀಲಿ ಡಬ್ಬಿಗಳಿದ್ದವು. ಮಗಳಿಗೆ ಎಂಟು ವರ್ಷ, ನಿಮ್ಮ ಮಗನಷ್ಟೇ. ಆ ಬೇಸಿಗೆಯಲ್ಲಿ ಅವಳನ್ನು ಪುಣೆಯ ಕೊತ್ರೂಡ್‌ಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಭಾವುಸಾಹೇಬ್ ಜೋಶಿಯವರು ಕಟ್ಟಿದ ಪುಟ್ಟ ರೈಲುಗಳ ಮ್ಯೂಸಿಯಂ ಇದೆ, 1998ರಿಂದ ಜನ ನೋಡಲು ತೆರೆದಿದೆ. ನೋಡಿಲ್ಲ ಅಂದರೆ ಮಗನನ್ನು ಒಮ್ಮೆ ಕರೆದುಕೊಂಡು ಹೋಗಿ. ನಾನು ಸಿಗ್ನಲ್ಲು, ಹಳಿ ಬದಲಿಸುವ ಪಾಯಿಂಟು ನೋಡುತ್ತಾ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಮಗಳು ಓಡುವ ಡಬ್ಬಿಯ ಕಿಟಕಿಯನ್ನೇ ನೋಡುತ್ತಿದ್ದಳು. ‘ಅಪ್ಪಾ, ಒಳಗೆ ಯಾರಿದ್ದಾರೆ?’ ಅಂದಳು. ಯಾರೂ ಇಲ್ಲ ಪುಟ್ಟಿ, ಸುಮ್ನೆ ಆಟದ್ದು ಅಂದೆ.

ಮನೆಗೆ ಬಂದವನೇ ಕ್ಯಾಲ್ಕುಲೇಟರ್ ಹಿಡಿದೆ. ಐಸಿಎಫ್ ಡಬ್ಬಿಯ ಉದ್ದ 21,337 ಮಿಲಿಮೀಟರ್. ಎಚ್‌ಓ ಅಂದರೆ 87ರಲ್ಲಿ ಒಂದು ಪಾಲು. ಭಾಗಿಸಿದರೆ 245. ಅಗಲ 3,245, ಭಾಗಿಸಿದರೆ 37. ಒಂದು ಮಿಲಿಮೀಟರ್ ದಪ್ಪದ ಪಾಲಿಸ್ಟೈರೀನ್ ಶೀಟ್ ತಂದೆ. ಕಿಟಕಿಗಳನ್ನು ಬ್ಲೇಡಿನಲ್ಲಿ ಕೊರೆದೆ. ಕಿಟಕಿಯ ಸರಳಿಗೆ ಹಾಳಾದ ಚಾರ್ಜರ್ ವೈರ್ ಬಿಚ್ಚಿ ಒಳಗಿನ ತಾಮ್ರದ ಎಳೆ ತೆಗೆದೆ. ಗಾಲಿ ಮಾತ್ರ ಕೊಂಡದ್ದು. ನಮ್ಮ ಡಬ್ಬಿಯ ಗಾಲಿ 915 ಮಿಮೀ, ಅಂದರೆ 36 ಇಂಚು. ಅಮೆರಿಕದ ಮಾಡೆಲ್‌ಗಳಿಗೆ ‘36 ಇಂಚಿನ ಗಾಲಿ’ ಅಂತಲೇ ಎಚ್‌ಓದಲ್ಲಿ ಸಿಗುತ್ತದೆ, ಹತ್ತೂವರೆ ಮಿಲಿಮೀಟರ್ ಇರುತ್ತದೆ. ಅಳೆದಿಟ್ಟಂತೆ ಕೂರುತ್ತದೆ.

(ಅಂದ ಹಾಗೆ, ನಾವು ಬೋಗಿ ಅನ್ನುವುದು ಇಡೀ ಡಬ್ಬಿಗೆ. ರೈಲ್ವೆಯವರಿಗೆ, ಮಾಡೆಲ್ ಮಾರುವವರಿಗೆ ಬೋಗಿ ಅಂದರೆ ಡಬ್ಬಿಯ ಅಡಿಯಲ್ಲಿರುವ ನಾಲ್ಕು ಗಾಲಿಯ ಚೌಕಟ್ಟು ಮಾತ್ರ. ‘ಎರಡು ಬೋಗಿ’ ಅಂತ ಆರ್ಡರ್ ಮಾಡಿ ಎರಡು ಡಬ್ಬಿ ಬರುತ್ತದೆ ಅಂತ ಕಾಯಬೇಡಿ. ನಾನು ಕಾದಿದ್ದೆ.)

ಎಚ್‌ಓ ಹಳಿಯ ಅಗಲ ಹದಿನಾರೂವರೆ ಮಿಮೀ. ನಮ್ಮ ಬ್ರಾಡ್ ಗೇಜ್ 1,676 ಮಿಮೀ ಆದ್ದರಿಂದ ಲೆಕ್ಕದ ಪ್ರಕಾರ ಹತ್ತೊಂಬತ್ತು ದಾಟಬೇಕು. ಇದನ್ನು ಹಿಡಿದುಕೊಂಡು ನಿಮ್ಮ ತಲೆ ತಿನ್ನುವವರು ಸಿಗುತ್ತಾರೆ. ಅಷ್ಟು ಶುದ್ಧ ಬೇಕಿದ್ದರೆ ಮುಂಬೈ ಮೆಟ್ರೋ ಮಾಡಿಕೊಳ್ಳಲಿ, ಅದು ಓಡುವುದು ಎಚ್‌ಓ ಹಳಿಗೆ ಲೆಕ್ಕ ಸರಿಹೊಂದುವ ಸ್ಟ್ಯಾಂಡರ್ಡ್ ಗೇಜ್ ಮೇಲೆ. ಎಂಟು ವರ್ಷದ ಮಗುವಿಗೆ ಮೂರು ಮಿಲಿಮೀಟರ್ ಕಾಣುವುದಿಲ್ಲ.

ನಮ್ಮಲ್ಲಿ ಕೆಲಸ ಹಂಚಿಕೆ ತಾನಾಗೇ ಆಯಿತು. ಹೊರಗಿನದು ನನ್ನದು, ಒಳಗಿನದು ಅವಳದು. ಸ್ಲೀಪರಿನಲ್ಲಿ 72 ಬರ್ತ್, ಎಂಟೆಂಟರ ಒಂಬತ್ತು ಗುಂಪು. ಹಳೆ ವಿಸಿಟಿಂಗ್ ಕಾರ್ಡ್ ಕತ್ತರಿಸಿ, ನೀಲಿ ಬಳಿದು 72ನ್ನೂ ಮಾಡಿದಳು. ಬೆಂಕಿಕಡ್ಡಿ ತುಂಡು ಮಾಡಿ ಜನರನ್ನು ಮಾಡಿದಳು. ಹಸಿರು ಸೀರೆಯವಳು ಕುಮಟಾದ ಅಜ್ಜಿ. ‘ಅಜ್ಜಿ ಕೆಳಗಿನ ಬರ್ತಲ್ಲೇ ಇರಬೇಕು, ಮೇಲೆ ಹತ್ತೋಕಾಗಲ್ಲ’ ಅಂತ ಅಲ್ಲೇ ಅಂಟಿಸಿದಳು. ಅಜ್ಜಿಯ ಸೀಟಿನ ಕೆಳಗೆ ತೆಂಗಿನಕಾಯಿ ಚೀಲ ಬೇಡವಾ? ಅಡುಗೆಮನೆಗೆ ಹೋಗಿ ಸಾಸಿವೆ ತಂದಳು. ಎಂಟು ಕಾಳು, ಒಂದು ಚಿಂದಿ ಬಟ್ಟೆಯಲ್ಲಿ. ಆಮೇಲೆ ನಾನು ಲೆಕ್ಕ ಹಾಕಿ ನೋಡಿದೆ. ಎರಡು ಮಿಲಿಮೀಟರ್ ಸಾಸಿವೆಯನ್ನು 87 ಪಟ್ಟು ಮಾಡಿದರೆ ಹದಿನೇಳು ಸೆಂಟಿಮೀಟರ್ ಚಿಲ್ಲರೆ. ಹೆಚ್ಚುಕಡಿಮೆ ಒಂದು ತೆಂಗಿನಕಾಯಿ. ನಾನು ಅಳತೆಪಟ್ಟಿ ಹಿಡಿದು ಒದ್ದಾಡುತ್ತಿದ್ದದ್ದನ್ನು ಅವಳು ಕಣ್ಣಂದಾಜಿನಲ್ಲೇ ಮಾಡಿಬಿಟ್ಟಿದ್ದಳು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಛಾವಣಿ ಬಿಡಿಯಾಗಿತ್ತು. ಎತ್ತಿದರೆ ಒಳಗೆಲ್ಲ ಕಾಣುತ್ತಿತ್ತು. ಮುಚ್ಚಿದರೆ ಗೋಡೆಗೂ ಛಾವಣಿಗೂ ನಡುವೆ ಕೂದಲೆಳೆಯಷ್ಟು ಸಂದು. ಮೇಲಿಂದ ನೋಡಿದರೆ ಕಾಣದು, ಫೋಟೋ ತೆಗೆದರೆ ಮಾತ್ರ ಕಪ್ಪು ಗೆರೆ. ಮಾಡೆಲ್ ರೈಲಿನವರ ಒಂದು ವಾಟ್ಸಾಪ್ ಗುಂಪಿಗೆ ಸೇರಿದ್ದೆ ನೋಡಿ, ಅಲ್ಲಿ ಹಾಕಬೇಕಿತ್ತು. ಒಂದು ಭಾನುವಾರ ರಾತ್ರಿ ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ದ್ರಾವಣವನ್ನು ಸಂದಿನುದ್ದಕ್ಕೂ ಬಿಟ್ಟೆ. ಇದು ಅಂಟಲ್ಲ ಅನ್ನುವುದು ನೆನಪಿರಲಿ. ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದೇ ಮಾಡಿಬಿಡುತ್ತದೆ. ಆಮೇಲೆ ಬಿಡಿಸುವ ಮಾತೇ ಇಲ್ಲ, ಕೊಯ್ಯಬೇಕು. ಗೆರೆ ಮಾಯವಾಯಿತು. ಕಿಟಕಿ ಸಾಲಿಗೆ ತಿಳಿನೀಲಿ, ಉಳಿದದ್ದಕ್ಕೆ ಗಾಢನೀಲಿ ಹೊಡೆದೆ. ಫೋಟೋ ಹಾಕಿದೆ. ನಲವತ್ತು ಜನ ಹೆಬ್ಬೆರಳು ಎತ್ತಿದರು.

ಮಾರನೆ ಶನಿವಾರ ಹಳಿಗೆ ಇಳಿಸಿದೆವು. ಆರಡಿ ನಾಲ್ಕಡಿಯ ಪ್ಲೈವುಡ್, ಬೇಡವಾದಾಗ ಕಪಾಟಿನ ಹಿಂದೆ ನಿಲ್ಲಿಸುತ್ತೇವೆ. ಅದರ ಮೇಲೆ ಕೊಂಡ ಮಾಡೆಲ್ ರೈಲು ಸೆಟ್ ಜೊತೆ ಬಂದ ದುಂಡು ಹಳಿ, ತಿರುವಿನ ತ್ರಿಜ್ಯ 18 ಇಂಚು. ಮುಂದೆ ಎಂಜಿನ್, ಅದರ ಹಿಂದೆ ನಮ್ಮ ಮತ್ಸ್ಯಗಂಧಾ ಡಬ್ಬಿ, ಅದರ ಹಿಂದೆ ಸೆಟ್ಟಿನ ನಾಲ್ಕು ವ್ಯಾಗನ್. ನೇರ ಹಳಿಯಲ್ಲಿ ರಾಣಿಯಂತೆ ಹೋಯಿತು. ತಿರುವಿಗೆ ಬಂತು, ಒಳಮಗ್ಗುಲಿಗೆ ಮಲಗಿತು. ಎತ್ತಿಟ್ಟೆ. ಮತ್ತೆ ಮಲಗಿತು. ಹನ್ನೊಂದು ಸಲ ಎಣಿಸಿದೆ.

ಕಾರಣ ತೂಕ. ಒಂದು ಹಗ್ಗವನ್ನು ಕಂಬಗಳ ಸಾಲಿನ ಸುತ್ತ ಬಾಗಿಸಿ ಎರಡೂ ತುದಿ ಎಳೆದು ನೋಡಿ. ಹಗ್ಗ ನೇರ ಆಗಲು ಒಳಗಡೆಗೆ ಒತ್ತುತ್ತದೆ. ರೈಲೂ ಹಾಗೇ. ಮುಂದಿನಿಂದ ಎಂಜಿನ್ ಎಳೆಯುತ್ತದೆ, ಹಿಂದಿನಿಂದ ವ್ಯಾಗನ್‌ಗಳು ಜಗ್ಗುತ್ತವೆ. ನಡುವೆ ಹಗುರವಾದದ್ದು ಯಾವುದೋ ಅದು ಎದ್ದು ಒಳಗೆ ಬೀಳುತ್ತದೆ. ಡಬ್ಬಿ ಉದ್ದವಾದಷ್ಟೂ ಇದು ಜಾಸ್ತಿ. ಅಮೆರಿಕದ ಎನ್‌ಎಂಆರ್‌ಎ ಎಂಬ ಸಂಘ ಎಚ್‌ಓಗೆ ಒಂದು ಲೆಕ್ಕ ಕೊಟ್ಟಿದೆ. ಡಬ್ಬಿಗೆ ಒಂದು ಔನ್ಸ್, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ನಮ್ಮ ಡಬ್ಬಿಗೆ ಹಾಕಿದರೆ ಸುಮಾರು 165 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟೆ. 68 ಗ್ರಾಂ.

ಇನ್ನೂ ನೂರು ಗ್ರಾಂ ಹತ್ತಿರ ಒಳಗೆ ಹಾಕಬೇಕು. ಒಳಗೆ ಹೋಗಲು ದಾರಿಯನ್ನೇ ನಾನು ಮುಚ್ಚಿದ್ದೆ. ತೂಕದ ಲೆಕ್ಕ ಗೊತ್ತಿರಲಿಲ್ಲ ಅಂತಲ್ಲ, ಓದಿದ್ದೆ. ಆಮೇಲೆ ಹಾಕಿದರಾಯಿತು ಅಂದುಕೊಂಡಿದ್ದೆ. ‘ಆಮೇಲೆ’ ಅನ್ನುವುದು ಛಾವಣಿ ಕೂರುವ ಮುಂಚೆಯೇ ಆಗಿರಬೇಕು ಅಂತ ಮಾತ್ರ ಹೊಳೆಯಲಿಲ್ಲ.

ಡಬ್ಬಿಯ ಅಡಿಗೆ ಭಾರ ಅಂಟಿಸಿದೆ, ಗಾಲಿ ತಿರುಗುವಾಗ ತಾಗಿತು. ನೆಲದಲ್ಲಿ ತೂತು ಕೊರೆದು ಒಳಗೆ ವಾಷರ್ ತುರುಕಿದೆ, ತಿರುವಿನಲ್ಲಿ ಗಲಗಲ ಅಂತ ಒಂದು ಮಗ್ಗುಲಿಗೆ ಹೋಗಿ ಇನ್ನೂ ಬೇಗ ಮಲಗಿತು. ನನ್ನ ಹೆಂಡತಿ ‘ನೀವು ಆಟ ಆಡ್ತಿದ್ದೀರೋ, ಪರೀಕ್ಷೆ ಬರೀತಿದ್ದೀರೋ?’ ಅಂದಳು. ಅವತ್ತು ರಾತ್ರಿ ಮಗಳು ಮಲಗಿದ ಮೇಲೆ ಹ್ಯಾಕ್‌ಸಾ ಬ್ಲೇಡ್ ತಗೊಂಡು ಛಾವಣಿ ಕೊಯ್ದೆ.

ದ್ರಾವಣ ಒಳಗೂ ಹರಿದಿತ್ತು. ಮೇಲಿನ ಬರ್ತ್‌ಗಳ ಬಣ್ಣ ಕರಗಿ ಛಾವಣಿಗೇ ಮೆತ್ತಿಕೊಂಡಿದ್ದವು, ಎತ್ತಿದಾಗ ಅವೂ ಕಿತ್ತು ಬಂದವು. ನಾನು ತುರುಕಿದ ವಾಷರ್‌ಗಳು ಉರುಳಾಡಿ ಜನರನ್ನೆಲ್ಲ ಒರೆಸಿಹಾಕಿದ್ದವು. ಹಸಿರು ಸೀರೆಯಲ್ಲಿ ತಲೆ ಇರಲಿಲ್ಲ. ಚೀಲ ಹರಿದು ಸಾಸಿವೆ ಮೂಲೆ ಮೂಲೆಗೆ ಹೋಗಿತ್ತು, ಆರು ಸಿಕ್ಕವು.

ಬೆಳಿಗ್ಗೆ ಅವಳು ಅಳಲಿಲ್ಲ. ಛಾವಣಿ ಇಲ್ಲದ ಡಬ್ಬಿಯನ್ನು ಸ್ವಲ್ಪ ಹೊತ್ತು ನೋಡಿದಳು. ‘ತೂಕಕ್ಕಾ?’ ಅಂದಳು. ಹೌದು ಅಂದೆ. ಹಲ್ಲುಜ್ಜಲು ಹೋದಳು. ಹದಿನಾಲ್ಕು ತಿಂಗಳು ಆ ಹಲಗೆ ಕಪಾಟಿನ ಹಿಂದಿನಿಂದ ಹೊರಗೆ ಬರಲಿಲ್ಲ. ನಾನು ಎರಡು ಸಲ ತೆಗೆದೆ, ಅವಳಿಗೆ ಹೋಮ್‌ವರ್ಕ್ ಇತ್ತು.

2019ರ ದೀಪಾವಳಿಗೆ ಊರಿಗೆ ಹೊರಟಿದ್ದೆವು. ಕೊಂಕಣ ರೈಲ್ವೆ ಬಹುಪಾಲು ಒಂಟಿ ಹಳಿ, ಎದುರಿನ ಗಾಡಿಗೆ ದಾರಿ ಬಿಡಲು ನಿಲ್ಲುವುದು ಇದ್ದದ್ದೇ. ಯಾವುದೋ ಸಣ್ಣ ಸ್ಟೇಷನ್‌ನಲ್ಲಿ ನಿಂತಾಗ ಪಕ್ಕದಲ್ಲಿ ರೋ-ರೋ ಬಂತು. ತುಂಬಿದ ಲಾರಿಗಳನ್ನೇ ಚಪ್ಪಟೆ ವ್ಯಾಗನ್ ಮೇಲೆ ಹತ್ತಿಸಿ ಒಯ್ಯುತ್ತಾರಲ್ಲ, 1999ರಿಂದ ನಡೆಯುತ್ತಿದೆ. ಡ್ರೈವರ್‌ಗಳು ತಮ್ಮ ತಮ್ಮ ಲಾರಿಯಲ್ಲೇ ಕೂತಿರುತ್ತಾರೆ. ಒಬ್ಬ ಕ್ಯಾಬಿನ್ ಬಾಗಿಲು ತೆಗೆದು ಕಾಲು ಇಳಿಬಿಟ್ಟುಕೊಂಡು ಈರುಳ್ಳಿ ಹೆಚ್ಚುತ್ತಿದ್ದ. ಮಗಳು ಕಿಟಕಿ ಸರಳಿಗೆ ಮೂಗು ಒತ್ತಿ ಎಲ್ಲ ಲಾರಿ ಎಣಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ‘ಅಪ್ಪಾ, ಇದಕ್ಕೆ ಛಾವಣಿನೇ ಇಲ್ಲ’ ಅಂದಳು.

ಎರಡು ಭಾನುವಾರದಲ್ಲಿ ಅದು ಮುಗಿಯಿತು. ಚಪ್ಪಟೆ ವ್ಯಾಗನ್ ಅಂದರೆ ಏನು ಹೇಳಿ, ಒಂದು ಹಲಗೆ, ಎರಡು ಬೋಗಿ. ಭಾರವನ್ನು ಹಲಗೆಯ ಎರಡು ಪದರದ ನಡುವೆ ಇಟ್ಟೆವು. ಮೇಲೆ ಆಟದ ಲಾರಿ. ಈರುಳ್ಳಿ ಹೆಚ್ಚುವವನನ್ನು ಅವಳೇ ಮಾಡಿದಳು. ಬೀಳಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಸ್ಲೀಪರ್ ಬೇಡ. ಬಾಕ್ಸ್‌ಎನ್ ಮಾಡಿ, ಕಲ್ಲಿದ್ದಲು ಒಯ್ಯುವ ತೆರೆದ ವ್ಯಾಗನ್. ನಿಜದ್ದರ ಉದ್ದ ಕೊಂಡಿಯಿಂದ ಕೊಂಡಿಗೆ 10.7 ಮೀಟರ್, ಎಚ್‌ಓದಲ್ಲಿ ಹನ್ನೆರಡು ಸೆಂಟಿಮೀಟರ್ ಚಿಲ್ಲರೆ, 18 ಇಂಚಿನ ತಿರುವಿನಲ್ಲಿ ಸಲೀಸು. ತಿರುವಿನ ತ್ರಿಜ್ಯ ಡಬ್ಬಿಯ ಮೂರು ಪಟ್ಟಾದರೂ ಇರಲಿ ಅನ್ನುತ್ತಾರೆ. ಸ್ಲೀಪರಿಗೆ ಅದು 73 ಸೆಂಟಿಮೀಟರ್ ದಾಟುತ್ತದೆ, ನಾಲ್ಕಡಿ ಹಲಗೆಯಲ್ಲಿ ಅಷ್ಟು ದೊಡ್ಡ ಸುತ್ತು ಕೂರುವುದೇ ಇಲ್ಲ. ಅಂದರೆ ತೂಕ ಸರಿಯಿದ್ದರೂ ನಮ್ಮದು ಕುಂಟುತ್ತಲೇ ಇರುತ್ತಿತ್ತು. ಬಾಕ್ಸ್‌ಎನ್‌ಗೆ ಒಟ್ಟು 90ರಿಂದ 100 ಗ್ರಾಂ ಸಾಕು. ತಳದಲ್ಲಿ ವಾಷರ್ ಹಾಸಿ, ಮೇಲೊಂದು ರಟ್ಟು, ಅದರ ಮೇಲೆ ಕಲ್ಲಿದ್ದಲು. ಭಾರ ಅಡಗಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ10 ವಾಷರ್ ಕೇಳಿ, ಒಂದೊಂದೂ ಸುಮಾರು ಮೂರೂವರೆ ಗ್ರಾಂ ತೂಗುತ್ತದೆ. ಗಾಳಕ್ಕೆ ಕಟ್ಟುವ ಸೀಸ ಅಗ್ಗ ಅಂತ ಯಾರಾದರೂ ಹೇಳುತ್ತಾರೆ, ಮಕ್ಕಳ ಕೈಗೆ ಸೀಸ ಕೊಡಬೇಡಿ.

ಎನ್ ಸ್ಕೇಲ್ ಯಾಕೆ ಬೇಡ ಅಂದರೆ, 160ರಲ್ಲಿ ಒಂದು ಪಾಲಾದರೆ ಅಜ್ಜಿ ಸಾಸಿವೆ ಆಗುತ್ತಾಳೆ, ತೆಂಗಿನಕಾಯಿಗೆ ಏನು ಮಾಡುತ್ತೀರಿ? ಪ್ರಿಂಟರ್ ಯಾಕೆ ಬೇಡ ಅಂದರೆ, ಅದು ರಾತ್ರಿಯಿಡೀ ಕೂತು ತಾನೇ ಮಾಡುತ್ತದೆ, ನೀವಿಬ್ಬರೂ ಪಕ್ಕದಲ್ಲಿ ಕೂತು ನೋಡುತ್ತೀರಿ. ಎಂಜಿನ್ ಮಾತ್ರ ಕೊಂಡುಕೊಳ್ಳಿ, ಅದನ್ನು ಮಾಡಲು ಹೋಗಬೇಡಿ. ಬಣ್ಣ ಮಳೆಗಾಲದಲ್ಲಿ ಹೊಡೆಯಬೇಡಿ, ತೇವಕ್ಕೆ ಸ್ಪ್ರೇ ಬಿಳಿಚಿಕೊಳ್ಳುತ್ತದೆ. ಮುಂದೆ ಯಾವತ್ತಾದರೂ ಸ್ಲೀಪರ್ ಮಾಡಿದರೆ ಗೋಡೆ, ಛಾವಣಿ ಒಂದೇ ಚಿಪ್ಪಾಗಿರಲಿ, ನೆಲವನ್ನು ಸ್ಕ್ರೂ ಹಾಕಿ ಕೂರಿಸಿ. ಎರಡು ಸ್ಕ್ರೂ. ಅಷ್ಟೇ ಬೇಕಿತ್ತು.

ನಮ್ಮ ಬಾಕ್ಸ್‌ಎನ್ ಮೂರನೇ ಗಾಡಿ. ಕಲ್ಲಿದ್ದಲಿಗೆ ಇದ್ದಿಲು ಪುಡಿ ಮಾಡಿಟ್ಟಿದ್ದೆ. ವಾಷರ್ ಹಾಸಿ ರಟ್ಟು ಮುಚ್ಚಿ ನೋಡುವಷ್ಟರಲ್ಲಿ ಮಗಳು ಸಾಸಿವೆ ಡಬ್ಬಿ ತಂದು ಪೂರ್ತಿ ಸುರಿದಳು. ತೆರೆದ ಕಲ್ಲಿದ್ದಲು ವ್ಯಾಗನ್‌ನಲ್ಲಿ ಯಾರೂ ತೆಂಗಿನಕಾಯಿ ಒಯ್ಯುವುದಿಲ್ಲ ಅಂತ ನಾಲಿಗೆ ತುದಿಗೆ ಬಂದಿತ್ತು. ಫೆವಿಕಾಲ್ ಕಲಸಿಕೊಟ್ಟೆ.