ಕೆಮ್ಮಿದ್ದು ಯಾರು ಅಂತ ಬರೆಯಿರಿ

ತೀರ್ಥಹಳ್ಳಿಯಿಂದ ನೀವು ಕಳಿಸಿದ ‘ಅಲರ್ಜಿ ಕೆಮ್ಮಿಗೆ ಯಾವ ಮದ್ದು?’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ, ತಿದ್ದಿ ಕಳಿಸಿ.

ಮೊದಲ ಪ್ಯಾರಾ ತುಂಬಾ ಚೆನ್ನಾಗಿದೆ. ಒಣ ಅಡಿಕೆ ಸುಲಿಯುವ ಅಂಗಳ, ಧೂಳು, ಸೆರಗನ್ನು ಬಾಯಿಗೊತ್ತಿಕೊಂಡು ಕೆಮ್ಮುವ ನಿಮ್ಮ ಅಮ್ಮ. ಓದುತ್ತಾ ನನ್ನ ಗಂಟಲೂ ಕೆರೆಯಿತು. ಅಲ್ಲಿಂದ ಒಮ್ಮೆಲೇ ‘ಪ್ರಾಣಿಗಳಲ್ಲಿ ಈ ಔಷಧಿಗಳು ಪರಿಣಾಮಕಾರಿ ಎಂದು ಸಾಬೀತಾಗಿದೆ’ ಅಂತೀರಿ. ಯಾವ ಪ್ರಾಣಿ? ಇಲಿಗಳು ನಮ್ಮ ಹಾಗೆ ಕೆಮ್ಮುವುದೇ ಅನುಮಾನ. ಅದಕ್ಕೇ ಈ ಕೆಲಸಕ್ಕೆ ಜಾಸ್ತಿ ಬಳಸುವುದು ಗಿನಿಪಿಗ್.

ಆ ಪ್ರಯೋಗವನ್ನೇ ಕಣ್ಣೆದುರು ತನ್ನಿ. ಮೊದಲು ಗಿನಿಪಿಗ್‌ಗೆ ಮೊಟ್ಟೆಯ ಬಿಳಿಭಾಗದ ಓವಾಲ್ಬ್ಯುಮಿನ್ ಎಂಬ ಪ್ರೋಟೀನ್ ಚುಚ್ಚಿ, ಕೆಲವು ವಾರ ಬಿಡುತ್ತಾರೆ. ಮೈಗೆ ಅದು ಆಗದ ವಸ್ತುವಾಗುತ್ತದೆ. ಆಮೇಲೆ ಗಾಜಿನಂಥ ಪೆಟ್ಟಿಗೆಯಲ್ಲಿ ಕೂರಿಸಿ ಅದನ್ನೇ ಮಂಜಿನಂತೆ ಉಸಿರಾಡಿಸುತ್ತಾರೆ. ಬಳಿಕ ಸಿಟ್ರಿಕ್ ಆಮ್ಲದ ಮಂಜು, ಇಲ್ಲವೇ ಕ್ಯಾಪ್ಸೈಸಿನ್. ಒಣಮೆಣಸಿನಕಾಯಿ ಸೀದು ಘಾಟು ಎದ್ದರೆ ಮನೆಮಂದಿಯೆಲ್ಲ ಕೆಮ್ಮುತ್ತಾರಲ್ವಾ, ಅದೇ ಖಾರ. ಪೆಟ್ಟಿಗೆಯೊಳಗಿನ ಕೆಮ್ಮನ್ನು ಮೈಕಿಟ್ಟು ಒಂದೊಂದಾಗಿ ಎಣಿಸುತ್ತಾರೆ.

ಮದ್ದುಗಳನ್ನೆಲ್ಲ ನೀವು ‘ಕೆಮ್ಮು ನಿವಾರಕ’ ಅಂತ ಒಂದೇ ಸಾಲಿಗೆ ತಳ್ಳಿದ್ದೀರಿ. ಕೊಡೀನ್ ಮಿದುಳಿನ ಬುಡದಲ್ಲಿ ಕೆಮ್ಮನ್ನು ಅದುಮುತ್ತದೆ, ಅಲರ್ಜಿ ಹಾಗೇ ಇರುತ್ತದೆ. ಸಾಲ್ಬುಟಮಾಲ್ ಬಿಗಿದ ಶ್ವಾಸನಾಳವನ್ನು ಸಡಿಲಿಸುತ್ತದೆ. ಡೆಕ್ಸಾಮೆಥಾಸೋನ್ ಉರಿಯೂತವನ್ನೇ ಇಳಿಸುತ್ತದೆ, ಅದಕ್ಕೆ ಗಂಟೆಗಟ್ಟಲೆ ಬೇಕು. ನಾಳ ಬಿಗಿಯುವುದು ಬೇರೆ, ಕೆಮ್ಮು ಬೇರೆ. ಉಬ್ಬಸ ಇಳಿದರೂ ಕೆಮ್ಮು ಉಳಿಯಬಹುದು. ಏನನ್ನು ಅಳೆದರು ಅಂತ ಹೇಳದೆ ಸುಮ್ನೆ ‘ಗುಣವಾಯಿತು’ ಅನ್ನಬೇಡಿ.

ಕೊನೆಯ ಪ್ಯಾರಾ ಓದಿ ಹೆದರಿಕೆಯಾಯಿತು. ‘ಕೊಡೀನ್ ಸಿರಪ್ ಮಲೆನಾಡಿನ ಮನೆಮನೆಯಲ್ಲೂ ಇರಲಿ’ ಎಂಬ ಮಾತನ್ನು ದಯವಿಟ್ಟು ತೆಗೆಯಿರಿ. ಗಿನಿಪಿಗ್‌ನ ಕೆಮ್ಮು ತಗ್ಗಿಸುವ ಇದೇ ಕೊಡೀನನ್ನು ಶೀತ ಹಿಡಿದು ಕೆಮ್ಮುವ ಜನರಿಗೆ ಕೊಟ್ಟು ನೋಡಿದಾಗ, ಮದ್ದೇ ಇಲ್ಲದ ಸಿರಪ್ಪಿಗಿಂತ ಹೆಚ್ಚೇನೂ ಮಾಡಲಿಲ್ಲ. ಮೇಲಾಗಿ ಅದು ಚಟ ಹತ್ತಿಸುತ್ತದೆ, ಮಕ್ಕಳ ಉಸಿರನ್ನೇ ಕುಗ್ಗಿಸಬಹುದು. ನಮ್ಮ ಪತ್ರಿಕೆ ಓದಿ ಸಾಗರದ ತಾಯಿಯೊಬ್ಬರು ಮಗುವಿಗೆ ಒಂದು ಚಮಚ ಕುಡಿಸಿದರೆ?

ಅದರ ಬದಲು ಹಿತ್ತಲ ಬೇಲಿಯ ಆಡುಸೋಗೆಯ ಬಗ್ಗೆ ಇನ್ನಷ್ಟು ಬರೆಯಿರಿ. ನೀವು ಒಂದೇ ಮಾತಲ್ಲಿ ಮುಗಿಸಿದ್ದೀರಿ. ಕಫ ತೆಳುವಾಗಿಸುವ ಬ್ರೋಮ್‌ಹೆಕ್ಸಿನ್ ಮಾತ್ರೆಯ ಮೂಲ ಅದರ ಎಲೆಯ ವ್ಯಾಸಿಸಿನ್. ಎಲೆಯ ಸಾರವನ್ನು ಗಿನಿಪಿಗ್‌ಗಳಿಗೂ ಕೊಟ್ಟು ಪರೀಕ್ಷಿಸಿದ್ದಾರೆ.

ಮತ್ತೆ, ಅಮ್ಮನ ಕೆಮ್ಮು ಏನಾಯಿತು? ಮೊದಲ ಪ್ಯಾರಾದಲ್ಲೇ ಅವರನ್ನು ಬಿಟ್ಟು ಹೋಗಿದ್ದೀರಿ. ಡಾಕ್ಟರು ಏನು ಕೊಟ್ಟರು, ಈ ಸಲದ ಸುಲಿಗೆಗೆ ಕೂತರಾ, ಅದನ್ನೂ ಬರೆಯಿರಿ. ಅಡಿಕೆ ಕೆಲಸ ಮುಗಿಸಿಕೊಂಡೇ ಕಳಿಸಿ, ಕಾಯುತ್ತೇನೆ.