ಸಿಮ್ಯುಲೇಟರ್ ಇದ್ದ ಮೇಲೂ ವಿಮಾನ ಯಾಕೆ ಹಾರಿಸಬೇಕು?

ಬೀದರಿನ ಓದುಗರೊಬ್ಬರು ಬರೆದಿದ್ದಾರೆ: 'ನಮ್ಮ ಮನೆ ಮೇಲೆ ವಾಯುಪಡೆಯ ಹಾಕ್ ತರಬೇತಿ ವಿಮಾನಗಳು ಗುಡುಗುತ್ತಲೇ ಇರುತ್ತವೆ. ಅಷ್ಟೊಂದು ದುಡ್ಡು ಸುರಿದು ಸಿಮ್ಯುಲೇಟರ್ ಮಾಡಿದ ಮೇಲೂ ಎಳೆ ಹುಡುಗರನ್ನು ನಿಜವಾದ ವಿಮಾನದಲ್ಲಿ ಯಾಕೆ ಕೂರಿಸಬೇಕು? ನನ್ನ ಮೊಮ್ಮಗ ಕಂಪ್ಯೂಟರಿನಲ್ಲಿ ಆಡುವ ಗೇಮಿಗೂ ಇದಕ್ಕೂ ಏನು ವ್ಯತ್ಯಾಸ? ಇದನ್ನು ನಮ್ಮವರು ಮಾಡಬಲ್ಲರಾ?'

ಮೊದಲು ಮೊಮ್ಮಗನ ಗೇಮ್. ಅದು ಕಣ್ಣು, ಕಿವಿಯನ್ನು ನಂಬಿಸಿದರೆ ಸಾಕು. ಸಿಮ್ಯುಲೇಟರ್, ಅಂದರೆ ನೆಲದ ಮೇಲೇ ಹಾರಾಟ ಕಲಿಸುವ ನಕಲಿ ವಿಮಾನ, ಮೈಯನ್ನೂ ನಂಬಿಸಬೇಕು. ಅಮೆರಿಕದ ಎಡ್ವಿನ್ ಲಿಂಕ್ 1929ರ ಹೊತ್ತಿಗೆ ಇಂಥದ್ದೊಂದನ್ನು ಕಟ್ಟಿದ. ಬಳಸಿದ್ದು ಅಪ್ಪನ ಆರ್ಗನ್ ವಾದ್ಯದ ಕಾರ್ಖಾನೆಯ ತಿದಿಗಳನ್ನು. ಗಾಳಿ ತುಂಬಿದರೆ ಪುಟ್ಟ ಮರದ ವಿಮಾನ ಏಳುತ್ತಿತ್ತು, ವಾಲುತ್ತಿತ್ತು. ಸೇನೆ ಮೂಸಿಯೂ ನೋಡಲಿಲ್ಲ. ಅದು ಮೋಜಿನ ಪಾರ್ಕುಗಳ ಪಾಲಾಯಿತು. 1934ರಲ್ಲಿ ಅಲ್ಲಿನ ಸೇನಾ ಪೈಲಟ್‌ಗಳ ಮೇಲೆ ಅಂಚೆ ಸಾಗಿಸುವ ಕೆಲಸ ಬಿತ್ತು. ರಾತ್ರಿ, ಕೆಟ್ಟ ಹವೆ, ಮೀಟರ್ ನೋಡಿಕೊಂಡು ಹಾರಿಸುವ ಅಭ್ಯಾಸ ಹೆಚ್ಚಿನವರಿಗೆ ಇರಲಿಲ್ಲ. ಕೆಲವೇ ವಾರಗಳಲ್ಲಿ ಹಲವರು ಸತ್ತರು. ಆಗ ಸೇನೆ ಲಿಂಕ್‌ನ ಆರು ಯಂತ್ರ ಕೊಂಡಿತು.

ಮೈಯನ್ನು ನಂಬಿಸುವ ಉಪಾಯ ಮಜವಾಗಿದೆ. ವಿಮಾನ ರನ್‌ವೇಯಲ್ಲಿ ವೇಗ ಹಿಡಿದಾಗ ಬೆನ್ನು ಸೀಟಿಗೆ ಒತ್ತುತ್ತದೆ ಅಲ್ವಾ? ಕೋಣೆಯೊಳಗಿನ ಯಂತ್ರ ಓಡಲಾರದು. ಅದು ಮೂತಿಯನ್ನು ನಿಧಾನವಾಗಿ ಮೇಲೆತ್ತುತ್ತದೆ, ಪರದೆಯಲ್ಲಿ ಮಾತ್ರ ನೆಲ ಮಟ್ಟಸವಾಗಿ ಕಾಣುತ್ತದೆ. ಬೆನ್ನು ಒತ್ತಿಸುತ್ತಿರುವುದು ನಮ್ಮದೇ ತೂಕ. ತಲೆ ಅದನ್ನು ವೇಗ ಅಂದುಕೊಳ್ಳುತ್ತದೆ. ಎತ್ತುವುದು ಸ್ವಲ್ಪ ಜೋರಾದರೆ ಒಳಗಿವಿಗೆ ಕಳ್ಳಾಟ ಗೊತ್ತಾಗಿಬಿಡುತ್ತದೆ. ಪರದೆಯ ಚಿತ್ರ ಕಣ್ಣೆವೆ ಬಡಿಯುವಷ್ಟು ಹೊತ್ತು ಹಿಂದೆ ಬಿದ್ದರೂ ಹೊಟ್ಟೆ ತೊಳಸುತ್ತದೆ. ಹೊಸಬರಿಗಿಂತ ಪಳಗಿದ ಪೈಲಟ್‌ಗಳಿಗೇ ಇದು ಜಾಸ್ತಿ. ಅವರ ಮೈಗೆ ನಿಜವಾದ ವಿಮಾನ ಗೊತ್ತಲ್ಲ!

ಯುದ್ಧವಿಮಾನದ ಮುಂದೆ ಮಾತ್ರ ಈ ಕಣ್ಕಟ್ಟು ನಡೆಯುವುದಿಲ್ಲ. ತೇಜಸ್ ಗಕ್ಕನೆ ತಿರುಗಿದರೆ ಪೈಲಟ್‌ನ ಮೈ ಎಂಟು ಪಟ್ಟು ಭಾರವಾಗಬಹುದು. ಸೀಟು ವಾಲಿಸಿ ಆ ಭಾರ ತರಲಾಗದು. ಹಾಗಾಗಿ ಇಂಥ ಎಷ್ಟೋ ಸಿಮ್ಯುಲೇಟರ್‌ಗಳು ಅಲುಗಾಡುವುದೇ ಇಲ್ಲ. ಸುತ್ತ ಗುಮ್ಮಟದಂಥ ಪರದೆ, ನಡುವೆ ಕಾಕ್‌ಪಿಟ್, ಅಷ್ಟೇ. ಭಾರ ತಾಳುವ ಅಭ್ಯಾಸಕ್ಕೆ ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಬೇರೆ ಯಂತ್ರವಿದೆ. ಉದ್ದ ತೋಳಿನ ತುದಿಯಲ್ಲಿ ಕೂರಿಸಿ ಗರಗರ ತಿರುಗಿಸುತ್ತಾರೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ವಿಮಾನದ ಬಗ್ಗೆ ಎಂಜಿನಿಯರುಗಳಿಗೆ ತಿಳಿದಷ್ಟೇ ಸಿಮ್ಯುಲೇಟರ್‌ಗೂ ತಿಳಿದಿರುತ್ತದೆ. ತಿಳಿಯದ ಕಡೆಯೂ ಅದು ಏನೋ ಒಂದು ತೋರಿಸುತ್ತದೆ, ಹುಡುಗ ಅದನ್ನೇ ಕಲಿಯುತ್ತಾನೆ. 2001ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಬಿದ್ದದ್ದು ಪ್ರಯಾಣಿಕರ ವಿಮಾನ, ಆದರೂ ಇಲ್ಲಿ ಹೇಳಲೇಬೇಕು. ಮುಂದೆ ಹೋದ ವಿಮಾನದ ಸುಳಿಗಾಳಿಗೆ ಸಿಕ್ಕಾಗ ಸಹಪೈಲಟ್ ರಡರ್, ಅಂದರೆ ಬಾಲದ ಚುಕ್ಕಾಣಿಯ ಪೆಡಲನ್ನು ಆಚೆಗೊಮ್ಮೆ ಈಚೆಗೊಮ್ಮೆ ಬಲವಾಗಿ ತುಳಿದರು. ಬಾಲದ ರೆಕ್ಕೆ ಕಿತ್ತುಹೋಯಿತು, 265 ಜನ ಸತ್ತರು. ತನಿಖೆ ಮಾಡಿದವರು ರಡರ್ ವಿನ್ಯಾಸದ ಜೊತೆ ವಿಮಾನಯಾನ ಕಂಪನಿಯ ತರಬೇತಿಯನ್ನೂ ಕಾರಣಗಳಲ್ಲಿ ಸೇರಿಸಿದರು. ಆ ತರಬೇತಿಯ ಸಿಮ್ಯುಲೇಟರ್ ಪಾಠದಲ್ಲಿ ವಿಮಾನ ನಿಜಕ್ಕಿಂತ ವಿಪರೀತವಾಗಿ ಹೊರಳುತ್ತಿತ್ತು.

ಹಾಗಂತ ದುಡ್ಡು ದಂಡ ಅನ್ನಬೇಡಿ. ಹಾಕ್‌ಗೆ ಇರುವುದು ಒಂದೇ ಎಂಜಿನ್. ಅದಕ್ಕೆ ಬೆಂಕಿ ಹತ್ತಿದರೆ, ಹಕ್ಕಿ ಬಡಿದರೆ ಏನು ಮಾಡಬೇಕೆಂದು ನಿಮ್ಮ ಮನೆ ಮೇಲೆ ಸುಮ್ನೆ ಅಭ್ಯಾಸ ಮಾಡಿಸಲಾದೀತೇ? ಅದನ್ನೆಲ್ಲ ಕೋಣೆಯೊಳಗೆ ಕೈಗೆ ಹತ್ತುವ ತನಕ ಮಾಡಿಸಬಹುದು.

ನಮ್ಮವರು ಮಾಡಬಲ್ಲರಾ ಅಂದಿರಿ. ಮಾಡಿದ್ದಾರೆ. ಮುಂದೆ ತೇಜಸ್ ಎಂದು ಹೆಸರಾದ ಹಗುರ ಯುದ್ಧವಿಮಾನ ಎಲ್‌ಸಿಎಗೆ ಸಿಮ್ಯುಲೇಟರ್ ಕಟ್ಟಿದ್ದು ಬೆಂಗಳೂರಿನದೇ ಡಿಆರ್‌ಡಿಒ ಪ್ರಯೋಗಾಲಯ, ಎಡಿಇ. ಆ ವಿಮಾನ ಕಂಪ್ಯೂಟರ್ ಹಿಡಿತವಿಲ್ಲದೆ ಗಾಳಿಯಲ್ಲಿ ನೆಟ್ಟಗೆ ನಿಲ್ಲುವುದಿಲ್ಲ. ಆ ಹಿಡಿತದ ಲೆಕ್ಕಾಚಾರವನ್ನು ಪರೀಕ್ಷಾ ಪೈಲಟ್‌ಗಳು ಮೊದಲು ಸಿಮ್ಯುಲೇಟರಿನಲ್ಲಿ ಕೂತು ಒರೆಗೆ ಹಚ್ಚಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ನಿಜವಾದ ವಿಮಾನವನ್ನು ಮೇಲೆತ್ತಿದ್ದು ಅದಾದ ಮೇಲೆ. ಇಂಥ ಹಾರಾಟಗಳಲ್ಲಿ ಸಿಗುವ ಅಳತೆಗಳನ್ನು ಇಟ್ಟುಕೊಂಡೇ ಸಿಮ್ಯುಲೇಟರನ್ನು ಮತ್ತೆ ತಿದ್ದುತ್ತಾರೆ. ವಿಮಾನ ಹಾರದೆ ಆ ಅಳತೆ ಬೇರೆಲ್ಲೂ ಸಿಗುವುದಿಲ್ಲ.